ಸಿಂಪಿಗರ ದಾಸಪ್ಪನ ಪಿಸ್ತೂಲು ಲೈಸೆನ್ಸು

ನಮ್ಮಜ್ಜ ಕಲ್ಲೇಶಪ್ಪ ಚನ್ನಗಿರಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಬಂದೂಕು ಲೈಸೆನ್ಸಿನ ಅರ್ಜಿಗಳೆಲ್ಲ ಅವರ ಮೇಜಿನ ಮೇಲೆ ಹಾದೇ ಮುಂದಕ್ಕೆ ಹೋಗಬೇಕಿತ್ತು. ಅಂಥ ನೂರಾರು ಅರ್ಜಿ ನೋಡಿದ್ದರೂ ಅವರು ನಮಗೆ ಹೇಳುತ್ತಿದ್ದುದು ಒಂದೇ ಅರ್ಜಿಯ ಕಥೆ. ಅದು ಸಿಂಪಿಗರ ದಾಸಪ್ಪನದು.

ದಾಸಪ್ಪ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ. ಬೇರೆ ಅಂಗಡಿಯೇನೂ ಇರಲಿಲ್ಲ. ಮನೆಯ ಜಗಲಿಯ ಮೇಲೆ ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಿಷನ್ನು, ಗೋಡೆಗೆ ಒಂದು ಗೂಟ, ಬಟ್ಟೆ ಕತ್ತರಿಸಲು ಒಂದು ಹಲಗೆ. ಇಪ್ಪತ್ತು ವರ್ಷದಿಂದ ಊರಿನ ಕೋಟುಗಳೆಲ್ಲ ಅಲ್ಲೇ ತಯಾರಾಗುತ್ತಿದ್ದವು. ಮಾತು ಕಡಿಮೆಯ ಮನುಷ್ಯ. ಅಳತೆ ತೆಗೆಯುವಾಗ ಗಿರಾಕಿಗೆ ‘ಉಸಿರು ಬಿಡ್ರಿ’ ಎನ್ನುವುದನ್ನು ಬಿಟ್ಟರೆ ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹೆಂಡತಿ ಸಾವಂತ್ರಮ್ಮ ತ್ಯಾವಣಿಗೆಯ ಕಡೆಯವಳು. ಮಕ್ಕಳಿರಲಿಲ್ಲ. ಆ ಬಗ್ಗೆ ಇಬ್ಬರೂ ಬೇರೆಯವರ ಮುಂದೆ ಎಂದೂ ಮಾತೆತ್ತಿದವರಲ್ಲ.

ವಯಸ್ಸು ನಲವತ್ತೆರಡು ದಾಟುತ್ತಿದ್ದ ಹಾಗೆ ದಾಸಪ್ಪನಿಗೆ ಸೂಜಿಯ ಕಣ್ಣು ಮಸುಕಾಗತೊಡಗಿತು. ದಾರದ ತುದಿಯನ್ನು ನಾಲಿಗೆಗೆ ಹಚ್ಚಿ, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಸಲ ದೂರ ಒಯ್ದು, ಒಂದು ಸಲ ಹತ್ತಿರ ತಂದು ಒದ್ದಾಡುತ್ತಿದ್ದ. ಒಂದು ಬೆಳಿಗ್ಗೆ ಅವನು ಬಂದು ಕೂರುವಷ್ಟರಲ್ಲಿ ಸೂಜಿ ಚುಚ್ಚುವ ದಿಂಬಿನ ಮೇಲೆ ದಾರ ಪೋಣಿಸಿದ ಹತ್ತು ಸೂಜಿಗಳು ಸಾಲಾಗಿ ನಿಂತಿದ್ದವು. ಅವನು ಒಂದನ್ನು ಕಿತ್ತುಕೊಂಡು ಹೊಲಿಯತೊಡಗಿದ, ಸಾವಂತ್ರಮ್ಮ ಒಳಗೆ ಒಲೆ ಊದುತ್ತಿದ್ದಳು. ಮರುದಿನವೂ ಹತ್ತು ಸೂಜಿಗಳಿದ್ದವು. ಕನ್ನಡಕ ಹಾಕಿಕೊಂಡರೆ ಸಿಂಪಿಗನ ಕಣ್ಣು ಹೋಯಿತು ಎಂದು ಊರವರು ಬೇರೆ ಕಡೆ ಹೋಗುತ್ತಾರೆ ಎಂಬ ಹೆದರಿಕೆ ಅವನಿಗೆ.

ಸಾವಿರದ ಒಂಬೈನೂರ ಮೂವತ್ತೈದರ ಸುಮಾರಿಗೆ ಮಹೇಶ್ವರಪ್ಪ ಎಂಬ ನಿವೃತ್ತ ಸುಬೇದಾರರು ಊರಿಗೆ ಬಂದು ನೆಲೆಸಿದರು. ಪಟ್ಟಣಗಳಲ್ಲಿ ಇರುವಂತೆ ಇಲ್ಲೂ ಒಂದು ಗುರಿ ಹೊಡೆಯುವ ಕ್ಲಬ್ಬು ಬೇಕೆಂದು ಅವರಿಗೆ ಆಸೆ. ಆಸ್ಪತ್ರೆಯ ಡಾಕ್ಟರು, ಒಬ್ಬ ರೇಂಜರು, ಮತ್ತೆ ನಾಲ್ಕಾರು ಮಂದಿ ಸೇರಿದರು. ಕೋಟೆ ಗುಡ್ಡದ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಜಾಗವನ್ನು ಸರ್ಕಾರದಿಂದ ಕೇಳಿ ಪಡೆದರು. ಇದ್ದದ್ದು ಎರಡು ಸಣ್ಣ ಪಿಸ್ತೂಲು. ಒಂದು ಸಲಕ್ಕೆ ಒಂದೇ ತೋಟಾ ಹಾಕಿ ಹೊಡೆಯುವಂಥವು. ಅವುಗಳ ಕಬ್ಬಿಣದ ಪೆಟ್ಟಿಗೆ ಪೊಲೀಸ್ ಠಾಣೆಯಲ್ಲೇ ಇರುತ್ತಿತ್ತು. ಎರಡು ಬೀಗ. ಒಂದರ ಕೀಲಿ ಸುಬೇದಾರರ ಹತ್ತಿರ, ಇನ್ನೊಂದು ದಫೇದಾರರ ಹತ್ತಿರ. ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಮೈದಾನಕ್ಕೆ ಬರುತ್ತಿತ್ತು. ಹೊಡೆದ ಮೇಲೆ ಖಾಲಿ ತೋಟಾಗಳನ್ನೆಲ್ಲ ಆರಿಸಿ ತೋರಿಸಿದ ಹೊರತು ಯಾರೂ ಮನೆಗೆ ಹೋಗುವಂತಿರಲಿಲ್ಲ.

ಗುರಿಗೆ ಬಟ್ಟೆ ಬೇಕಾಯಿತು. ಬಿಳಿ ಖಾದಿಯ ನಡುವೆ ಕಪ್ಪು ಬಟ್ಟೆಯ ವೃತ್ತ, ಅದರ ಸುತ್ತ ಒಂದರ ಹೊರಗೊಂದು ದಾರದ ಗೆರೆ. ಸುಬೇದಾರರು ಅದನ್ನು ದಾಸಪ್ಪನಿಂದ ಹೊಲಿಸಿದರು. ಚೌಕಟ್ಟಿಗೆ ಬಿಗಿಯಲು ಅವನೇ ಬರಲಿ ಎಂದು ಭಾನುವಾರ ಕರೆಸಿಕೊಂಡರು. ಬಟ್ಟೆ ಕಟ್ಟಿ ಬಂದು ದಾಸಪ್ಪ ಹಿಂದೆ ಒಂದು ಕಲ್ಲಿನ ಮೇಲೆ ಕೂತ. ಡಾಕ್ಟರು ಹೊಡೆದರು. ಗುಂಡು ಎಲ್ಲಿ ಬಿತ್ತೆಂದು ನೋಡಲು ಸುಬೇದಾರರು ದುರ್ಬೀನು ಎತ್ತುವುದರೊಳಗೆ ದಾಸಪ್ಪ ಮೆಲ್ಲಗೆ, ಮೂರನೇ ಗೆರೆಯ ಎಡಕ್ಕೆ ಬಿದ್ದಿದೆ ಎಂದ. ದುರ್ಬೀನಿನಲ್ಲಿ ನೋಡಿದರೆ ಅವನು ಹೇಳಿದಲ್ಲೇ ತೂತು. ಮುಂದಿನದನ್ನೂ ಹೇಳಿದ. ಹೀಗೆ ಆರು ಗುಂಡು.

“ನಿಂಗೆ ಅಷ್ಟು ದೂರದ್ದು ಬರೀ ಕಣ್ಣಿಗೆ ಕಾಣ್ತೈತೇನೋ?” ಎಂದು ಸುಬೇದಾರರು ಕೇಳಿದರು.

“ದೂರದ್ದು ಕಾಣ್ತೈತೆ ಸ್ವಾಮಿ” ಎಂದ ದಾಸಪ್ಪ. ಉಳಿದದ್ದನ್ನು ಹೇಳಲಿಲ್ಲ.

ಅವತ್ತಿನಿಂದ ಭಾನುವಾರ ಬಂದರೆ ಅವನ ಕಾಲು ಗುಡ್ಡದ ಕಡೆಗೆ ತಿರುಗುತ್ತಿತ್ತು. ಬಟ್ಟೆ ಕಟ್ಟುವ ನೆಪ. ಕಲ್ಲಿನ ಮೇಲೆ ಕೂತು ಬೇರೆಯವರು ಹೊಡೆಯುವುದನ್ನು ನೋಡುವುದು, ಬಿದ್ದ ಜಾಗ ಹೇಳುವುದು. ಕೊನೆಗೊಂದು ದಿನ, ತಾನೂ ಒಂದು ಸಲ ಹಿಡಿದು ನೋಡಬಹುದೇ ಎಂದು ಕೇಳಿದ. ಸುಬೇದಾರರು ಮೆದು ಮನಸ್ಸಿನವರೇ. ಆದರೆ ಕಾಯ್ದೆಯ ವಿಷಯದಲ್ಲಿ ಕಲ್ಲು.

“ಲೈಸೆನ್ಸ್ ಇಲ್ದೆ ಇದನ್ನ ಮುಟ್ಟಿದ್ರೆ ನಿನ್ನ ಜೊತೆ ನಾನೂ ಒಳಗೆ ಹೋಗ್ತೀನಿ ದಾಸಪ್ಪ. ಅರ್ಜಿ ಹಾಕು. ಬರೋವರೆಗೂ ಕೈ ಗಟ್ಟಿ ಮಾಡ್ಕ.”

ಕೈ ಗಟ್ಟಿ ಮಾಡಿಕೊಳ್ಳುವ ಉಪಾಯವನ್ನೂ ಅವರೇ ಹೇಳಿಕೊಟ್ಟರು. ತೋಳು ನೀಡಿ ಭಾರದ್ದೊಂದನ್ನು ಅಲುಗದೆ ಹಿಡಿಯಬೇಕು, ನೂರು ಎಣಿಸಬೇಕು. ದಾಸಪ್ಪನ ಮನೆಯಲ್ಲಿ ಅದಕ್ಕೆ ಸರಿಯಾದದ್ದೆಂದರೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಬೆಳಿಗ್ಗೆ ಮಿಷನ್ನಿಗೆ ಕೂರುವ ಮುಂಚೆ ನಡುಮನೆಯಲ್ಲಿ ನಿಂತು ಕತ್ತರಿಯನ್ನು ಗೋಡೆಯತ್ತ ಚಾಚುತ್ತಿದ್ದ. ಸಾವಂತ್ರಮ್ಮ ಮೊದಲ ದಿನ ಸೆರಗು ಬಾಯಿಗೆ ಹಿಡಿದು ನಕ್ಕಳು. ಎರಡನೇ ದಿನ ಗೋಡೆಯ ಮೇಲೆ ಕುಂಕುಮದಲ್ಲಿ ಒಂದು ಬೊಟ್ಟಿಟ್ಟು, ಸುಮ್ಮನೆ ಗೋಡೆ ನೋಡುವುದಕ್ಕಿಂತ ಇದನ್ನು ನೋಡಿರಿ ಎಂದಳು.

ಅರ್ಜಿ ಹಿಡಿದು ಅವನು ಕಚೇರಿಗೆ ಬಂದದ್ದು ನಮ್ಮಜ್ಜನ ಮೇಜಿನ ಮುಂದೆ. ಆಗ ಲೈಸೆನ್ಸು ಸಿಗುತ್ತಿದ್ದುದು ಹೆಚ್ಚಾಗಿ ಬೆಳೆ ಕಾಯುವ ರೈತರಿಗೆ, ಇಲ್ಲವೆ ಜಮೀನುದಾರರಿಗೆ. ಅದೂ ನಳಿಗೆ ಬಂದೂಕಿಗೆ. ಪಿಸ್ತೂಲೆಂದರೆ ಸರ್ಕಾರ ಹತ್ತು ಸಲ ಯೋಚಿಸುತ್ತಿತ್ತು. ಹೊಲವಿಲ್ಲ, ಹಂದಿ ಕಾಟವಿಲ್ಲ, ಕಳ್ಳರು ಒಯ್ಯುವಂಥದ್ದೇನೂ ಮನೆಯಲ್ಲಿಲ್ಲ. ಯಾತಕ್ಕೆ ಎಂಬ ಕಾಲಮ್ಮಿನಲ್ಲಿ ಏನು ಬರೆಯುವುದೆಂದು ಅಜ್ಜ ಕೇಳಿದರು. ದಾಸಪ್ಪ ಹೆಗಲ ಮೇಲಿನ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ.

“ಮಿಷನ್ ಮುಂದೆ ಕೂತ್ರೆ ನನ್ನ ಕಣ್ಣು ನನ್ನ ಮಾತು ಕೇಳಲ್ಲ ಸ್ವಾಮಿ” ಎಂದ ಕೊನೆಗೆ. “ಗುಡ್ಡದ ಹಿಂದೆ ನಿಂತ್ರೆ ಇನ್ನೂ ಚೆನ್ನಾಗೈತೆ ಅನ್ನಿಸ್ತೈತೆ. ಅಷ್ಟೆ.”

ಅದನ್ನು ಕಾಲಮ್ಮಿನಲ್ಲಿ ಬರೆಯುವ ಹಾಗಿರಲಿಲ್ಲ. ಅಜ್ಜ ‘ಕ್ಲಬ್ಬಿನ ಮೈದಾನದಲ್ಲಿ ಗುರಿ ಅಭ್ಯಾಸಕ್ಕೆ ಮಾತ್ರ’ ಎಂದು ಬರೆದು ಕಳಿಸಿದರು.

ತಿಂಗಳಾದ ಮೇಲೆ ವಿಚಾರಣೆಗೆ ದಫೇದಾರ್ ಹನುಮಣ್ಣ ಮನೆಗೆ ಬಂದ. ಜಗಲೂರು ಕಡೆಯವನು, ಒಳ್ಳೆಯ ಮನುಷ್ಯ. ದಾಸಪ್ಪ ಜಗಲಿಯಲ್ಲಿ ಹೊಲಿಯುತ್ತಿದ್ದ. ಹೆಂಗಸರನ್ನು ಬೇರೆಯಾಗಿ ಕೇಳಬೇಕು ಎಂದು ಹನುಮಣ್ಣ ಒಳಗೆ ಹೋಗಿ ಹೊಸ್ತಿಲ ಹತ್ತಿರ ಕೂತು ಸಾವಂತ್ರಮ್ಮನನ್ನು ವಿಚಾರಿಸಿದ. ಕುಡಿಯುತ್ತಾರಾ, ಸಿಟ್ಟಿಗೆ ಕೈ ಮಾಡುತ್ತಾರಾ, ನೆರೆಹೊರೆಯಲ್ಲಿ ಜಗಳ ಉಂಟಾ. ಆಕೆ ಎಲ್ಲದಕ್ಕೂ ಇಲ್ಲ ಎಂದಳು. ಕೊನೆಗೆ, ಮೈಯಲ್ಲಿ ಏನಾದರೂ ಊನ, ಕಾಯಿಲೆ ಇದೆಯೇ ಎಂದು ಕೇಳಿದ. ಸರ್ಕಾರದವರು ಕೇಳಿದಾಗ ಮುಚ್ಚಿಡಬಾರದು ಎಂದು ಆಕೆಯ ಮನಸ್ಸಿನಲ್ಲಿ.

“ಕಾಯಿಲೆ ಏನಿಲ್ರಿ. ಹತ್ತಿರದ್ದು ಸರಿಯಾಗಿ ಕಾಣಲ್ಲ ಅವ್ರಿಗೆ. ಸೂಜಿ ನಾನೇ ಪೋಣಿಸಿಕೊಡ್ತೀನಿ. ಗುಂಡಿ ಕಾಜ ಓರೆಯಾಗಿದ್ರೆ ಮಧ್ಯಾಹ್ನ ಅವರು ಮಲಗಿದಾಗ ಬಿಚ್ಚಿ ಮತ್ತೆ ಹೊಲಿತೀನಿ. ಅದು ಅವ್ರಿಗೆ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ.”

ಜಗಲಿಯಲ್ಲಿ ಮಿಷನ್ನಿನ ಸದ್ದು ನಿಂತಿತು.

ಹನುಮಣ್ಣ ಹೊರಗೆ ಬಂದು, ದಾಸಪ್ಪನ ಮುಖ ನೋಡಲಾರದೆ, ಟೋಪಿ ಸರಿಮಾಡಿಕೊಂಡು ಹೊರಟುಹೋದ. ಕೇಳಿದ್ದನ್ನು ಬರೆಯದೆ ಬಿಡುವ ಹಾಗೂ ಅವನಿಗಿರಲಿಲ್ಲ. ಸಾವಂತ್ರಮ್ಮ ಹೊಸ್ತಿಲಲ್ಲೇ ನಿಂತಿದ್ದಳು.

“ಎಷ್ಟು ದಿನದಿಂದ?” ಎಂದು ದಾಸಪ್ಪ ಕೇಳಿದ.

“ಹೋದ ಯುಗಾದಿಯಿಂದ.”

“ಎಲ್ಲಾ ಕಾಜಾನಾ?”

“ಎಲ್ಲಾ ಅಲ್ಲ. ಓರೆ ಆಗಿದ್ದವು ಮಾತ್ರ.”

ಅವನು ತಲೆ ತಗ್ಗಿಸಿ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತಿನ ಮೇಲೆ ಅವನ ಹೆಗಲು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡು ಆಕೆ ಹತ್ತಿರ ಬಂದರೆ ಅವನು ನಗುತ್ತಿದ್ದ.

“ತಾಲ್ಲೂಕು ಕಚೇರಿ ಅಮಲ್ದಾರ್ರು ಕೋಟು ಚೆನ್ನಾಗೈತೆ ಅಂದಿದ್ರು. ನಾನು ಎಷ್ಟು ಬೀಗಿದ್ದೆ. ಅದೂ ನಿಂದೇನಾ?”

“ಕಾಜ ನಂದು” ಎಂದಳು ಸಾವಂತ್ರಮ್ಮ. “ಕೋಟು ನಿಮ್ದೇ.”

ಹತ್ತು ದಿನದಲ್ಲಿ ಅರ್ಜಿ ತಿರಸ್ಕಾರವಾಯಿತು. ‘ಅರ್ಜಿದಾರನಿಗೆ ದೃಷ್ಟಿದೋಷವಿದೆ’ ಎಂಬ ಒಂದೇ ಸಾಲು. ಓದಿ ಹೇಳಿದವರು ಅಜ್ಜನೇ. ಸಾವಂತ್ರಮ್ಮನಿಗೆ ವಿಷಯ ತಿಳಿದು ಎರಡು ದಿನ ಊಟ ಸೇರಲಿಲ್ಲ. ತನ್ನ ಬಾಯಿಂದಲೇ ಕೆಟ್ಟಿತಲ್ಲ ಎಂದು ಸಂಕಟ. ದಾಸಪ್ಪ ಅದನ್ನು ಬಾಯಿಮಾತಿನಲ್ಲಿ ಸಮಾಧಾನ ಮಾಡಲು ಹೋಗಲಿಲ್ಲ. ಮೂರನೇ ದಿನ ತಾನೇ ತಟ್ಟೆ ಹಾಕಿ, ರೊಟ್ಟಿ ಮುರಿದು ಆಕೆಯ ಮುಂದಿಟ್ಟು, ಆಕೆ ತಿನ್ನುವ ತನಕ ತಾನೂ ಮುಟ್ಟದೆ ಕೂತ.

ಸುಬೇದಾರರು ಮಾತ್ರ ಬಿಡಲಿಲ್ಲ. ದಾಸಪ್ಪನನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರಿಂದ ಕಣ್ಣು ಪರೀಕ್ಷೆ ಮಾಡಿಸಿದರು. ದೂರದ ಹಲಗೆಯ ಕೊನೆಯ ಸಾಲನ್ನು ಅವನು ಗಟ್ಟಿಯಾಗಿ ಓದಿದ. ಕೈಯಲ್ಲಿ ಕೊಟ್ಟ ಪಂಚಾಂಗದ ಒಂದಕ್ಷರವನ್ನೂ ಓದಲಿಲ್ಲ. ಇದು ವಯಸ್ಸಿನ ದೋಷ, ಎಲ್ಲರಿಗೂ ಬರುವಂಥದ್ದು, ಗುರಿಗೆ ಅಡ್ಡಿಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಹೊಲಿಯಲು ಕನ್ನಡಕ ಹಾಕಿಕೋ ಎಂದು ಗದರಿಸಿ ದಾವಣಗೆರೆಯಿಂದ ಒಂದು ತರಿಸಿಯೂ ಕೊಟ್ಟರು. ದಾಸಪ್ಪ ಅದನ್ನು ಒಳಮನೆಯಲ್ಲಿ ಮಾತ್ರ ಹಾಕುತ್ತಿದ್ದ. ಬೀದಿಯಲ್ಲಿ ಯಾರಾದರೂ ಬರುವುದು ಕಂಡರೆ ತೆಗೆದು ಜೇಬಿಗಿಡುತ್ತಿದ್ದ.

ಎರಡನೇ ಅರ್ಜಿಗೆ ಕಂದಾಯ ಕಟ್ಟುವ ಇಬ್ಬರು ಜಾಮೀನುದಾರರು ಬೇಕಾದರು. ಸುಬೇದಾರರು ಒಬ್ಬರು. ಇನ್ನೊಬ್ಬ ಸಾವಂತ್ರಮ್ಮನ ಅಣ್ಣ. ತಂಗಿಯ ಗಂಡನಿಗೆ ಪಿಸ್ತೂಲು ಯಾತಕ್ಕೆಂದು ಅವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆದರೂ ತ್ಯಾವಣಿಗೆಯಿಂದ ಬಂದು ಹೆಬ್ಬೆಟ್ಟು ಒತ್ತಿ ಹೋದ. ಕಾಗದಗಳು ಶಿವಮೊಗ್ಗಕ್ಕೆ ಹೋಗಿ, ಒಂದು ಪ್ರಶ್ನೆ ಹೊತ್ತು ವಾಪಸು ಬಂದು, ಮತ್ತೆ ಹೋಗಿ, ಮೂವತ್ತೇಳರ ದೀಪಾವಳಿ ಕಳೆದ ಮೇಲೆ ಲೈಸೆನ್ಸು ಬಂತು. ಮೈದಾನ ಬಿಟ್ಟು ಬೇರೆಲ್ಲೂ ಹಿಡಿಯಬಾರದು, ಮನೆಗೆ ಒಯ್ಯಬಾರದು, ಪ್ರತಿವರ್ಷ ಹೊಸದು ಮಾಡಿಸಬೇಕು ಎಂಬ ಷರತ್ತುಗಳು. ಮನೆಗೆ ಒಯ್ಯಬೇಕೆಂಬ ಆಸೆ ದಾಸಪ್ಪನಿಗೆ ಇರಲೂ ಇಲ್ಲ.

ಆ ಭಾನುವಾರ ಸಾವಂತ್ರಮ್ಮ ಜೊತೆಗೆ ಹೋದಳು. ಹುಣಸೆಮರದ ಕೆಳಗೆ ಕೂತು, ಸದ್ದಿಗೆ ಹೆದರಿ ಸೆರಗನ್ನು ಎರಡೂ ಕಿವಿಗೆ ಒತ್ತಿಕೊಂಡಳು. ದಾಸಪ್ಪನ ಮೊದಲ ಗುಂಡು ಗುರಿಯ ಬಟ್ಟೆಗೇ ತಾಗಲಿಲ್ಲ. ಎರಡನೆಯದು ಅಂಚಿಗೆ. ಎರಡು ವರ್ಷ ಕತ್ತರಿ ಹಿಡಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಚಾಚಿದ. ಉಸಿರು ಬಿಡು ಎಂದರು ಸುಬೇದಾರರು. ಊರಿಗೆಲ್ಲ ತಾನು ಹೇಳುವ ಮಾತು. ದಾಸಪ್ಪ ಉಸಿರು ಬಿಟ್ಟ. ಮೂರನೆಯದು ಕಪ್ಪಿನೊಳಗೆ ಹೋಯಿತು. ತಿರುಗಿ ನೋಡಿದರೆ ಹೆಂಡತಿ ಮರದ ಕೆಳಗೆ ಎದ್ದು ನಿಂತು ನಗುತ್ತಿದ್ದಳು.

ಆಮೇಲಿನ ಭಾನುವಾರಗಳಲ್ಲೂ ಆಕೆ ಬಂದು ಅದೇ ಮರದ ಕೆಳಗೆ ಕೂರುತ್ತಿದ್ದಳು. ಒಂದು ವರ್ಷದೊಳಗೆ ಕ್ಲಬ್ಬಿನಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಅವನು ಪಿಸ್ತೂಲು ಹಿಡಿದರೆ ಅದರಲ್ಲಿ ವೀರಾವೇಶವೇನೂ ಇರುತ್ತಿರಲಿಲ್ಲ, ಬಟ್ಟೆಗೆ ಗುರುತು ಹಾಕಿದಂತೆ ಇರುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಒಂದು ಹಕ್ಕಿಯನ್ನೂ ಅವನು ಹೊಡೆದವನಲ್ಲ. ಯಾರಾದರೂ ಕಾಡಿಗೆ ಕರೆದರೆ, ಹೊಲಿಗೆ ಬಾಕಿ ಐತೆ ಎನ್ನುತ್ತಿದ್ದ.

ಮೂವತ್ತೊಂಬತ್ತರ ಮಾಘಮಾಸದಲ್ಲಿ ಹೊನ್ನಾಳಿಯ ಹೊಳೆಯ ದಂಡೆಯ ಬಯಲಿನಲ್ಲಿ ಒಂದು ಪಂದ್ಯ ನಡೆಯಿತು. ನ್ಯಾಮತಿಯಿಂದ, ಜಗಲೂರಿನಿಂದ ಬಂದವರಿದ್ದರು. ಪಿಸ್ತೂಲನ್ನು ತಾಲ್ಲೂಕು ದಾಟಿಸಲು ಬೇರೆಯೇ ಪರವಾನಗಿ. ಯಾವ ಬಸ್ಸು, ಯಾವ ದಾರಿ, ಯಾವಾಗ ವಾಪಸು ಎಂದೆಲ್ಲ ಅದರಲ್ಲಿ ಬರೆದಿತ್ತು. ಕಬ್ಬಿಣದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹನುಮಣ್ಣ ಮುಂದಿನ ಸೀಟಿನಲ್ಲಿ, ಹಿಂದೆ ಸುಬೇದಾರರು, ಅಜ್ಜ, ದಾಸಪ್ಪ, ಸಾವಂತ್ರಮ್ಮ. ಬಸವಾಪಟ್ಟಣದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಚಹ ಕುಡಿದರು, ಹನುಮಣ್ಣನೊಬ್ಬ ಇಳಿಯುವ ಹಾಗಿರಲಿಲ್ಲ. ಸಾವಂತ್ರಮ್ಮ ಅವನ ಲೋಟವನ್ನು ಕಿಟಕಿಯವರೆಗೆ ಒಯ್ದು ಕೊಟ್ಟಳು.

ಗುರಿಬಟ್ಟೆಗಳನ್ನೆಲ್ಲ ದಾಸಪ್ಪನೇ ಹೊಲಿದುಕೊಟ್ಟಿದ್ದ. ಒಬ್ಬೊಬ್ಬರಿಗೆ ಒಂದು ಬಟ್ಟೆ, ಹತ್ತು ಗುಂಡು. ಜಗಲೂರಿನ ತಿಪ್ಪೇರುದ್ರಸ್ವಾಮಿ ಎಂಬ ಜಮೀನುದಾರರು ಎಂಬತ್ತನಾಲ್ಕು ಅಂಕ ಪಡೆದು ಎಲ್ಲರಿಗಿಂತ ಮುಂದಿದ್ದರು. ಕೊನೆಯದು ದಾಸಪ್ಪನ ಸರದಿ. ಹೊಡೆದು ಮುಗಿದ ಮೇಲೆ ಗುರಿಬಟ್ಟೆಯನ್ನು ಬಿಚ್ಚಿ ಮೇಜಿಗೆ ತಂದು ಎಣಿಸಿದರೆ ಒಂಬತ್ತೇ ತೂತು, ಎಪ್ಪತ್ತೊಂಬತ್ತೇ ಅಂಕ. ಆದರೆ ಕಪ್ಪಿನೊಳಗಿನ ಒಂದು ತೂತು ಉಳಿದವಕ್ಕಿಂತ ಕೊಂಚ ದೊಡ್ಡದಾಗಿ ಹರಿದಿತ್ತು. ಎರಡು ಗುಂಡು ಅದರಲ್ಲೇ ಹೋಗಿವೆ, ಆ ತೂತಿನ ಒಂಬತ್ತು ಅಂಕವನ್ನು ಇನ್ನೊಮ್ಮೆ ಸೇರಿಸಿದರೆ ಎಂಬತ್ತೆಂಟು, ಗೆದ್ದವನು ದಾಸಪ್ಪನೇ ಎಂದು ಚನ್ನಗಿರಿಯವರೆಲ್ಲ ಹೇಳಿದರು. ತೀರ್ಪು ಕೊಡುವವರು ಬಟ್ಟೆ ಮಗುಚಿ ನೋಡಿದರು. ಅವರಿಗೆ ಹೌದೋ ಅಲ್ಲವೋ ತಿಳಿಯಲಿಲ್ಲ. ಹೌದು ಎನ್ನಲು ಅವರ ಮನಸ್ಸೂ ವಾಲಿತ್ತು.

ಹೊಲಿದವನು ನೀನೇ, ನೀನೇ ನೋಡು ಎಂದು ಬಟ್ಟೆಯನ್ನು ದಾಸಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದ. ಸುತ್ತ ನೂರು ಜನ. ಕೋಟಿನ ಒಳಜೇಬಿಗೆ ಕೈಹಾಕಿ ಕನ್ನಡಕ ತೆಗೆದು, ಕಿವಿಗೆ ಸಿಕ್ಕಿಸಿಕೊಂಡ. ಊರವರ ಮುಂದೆ ಅವನು ಅದನ್ನು ಹಾಕಿದ್ದು ಅದೇ ಮೊದಲು. ತೂತಿನ ಅಂಚಿನ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಸರಿಸಿ ನೋಡಿದ.

“ಒಂದೇ ಗುಂಡು ಸ್ವಾಮಿ” ಎಂದ. “ಸೀಸದ ಬೂದು ಗೆರೆ ಒಂದೇ ಸುತ್ತು ಐತೆ. ಎರಡು ಹೋಗಿದ್ರೆ ಎರಡು ಬಳೆ ಕಾಣ್ಬೇಕಿತ್ತು. ಇಲ್ಲಿ ಎಳೆ ಸಡಿಲ ಇತ್ತು, ಅದಕ್ಕೆ ಹರಿದೈತೆ. ಇನ್ನೊಂದು ಗುಂಡು ಮೇಲಕ್ಕೆ ಹೋತು.”

ಬೆಳ್ಳಿಯ ಬಟ್ಟಲು ಜಗಲೂರಿಗೆ ಹೋಯಿತು. ಚನ್ನಗಿರಿಯ ಕೆಲವರು ಬಸ್ಸು ಹತ್ತುವ ತನಕ ದಾಸಪ್ಪನ ಜೊತೆ ಮಾತಾಡಲಿಲ್ಲ. ಸುಬೇದಾರರು ಅವನ ಹೆಗಲ ಮೇಲೆ ಒಂದು ಸಲ ಕೈಯಿಟ್ಟು ತೆಗೆದರು. ಬಸ್ಸಿನ ಹತ್ತಿರ ತಿಪ್ಪೇರುದ್ರಸ್ವಾಮಿಯವರೇ ಹುಡುಕಿಕೊಂಡು ಬಂದರು. ನೀವು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ ಎಂದರು.

“ಬಟ್ಟೆ ವಿಷಯದಾಗೆ ಇಷ್ಟು ವರ್ಷ ಯಾರಿಗೂ ಸುಳ್ಳು ಹೇಳಿಲ್ರಿ” ಎಂದ ದಾಸಪ್ಪ. “ಇವತ್ತು ಸುರು ಮಾಡಾಕೆ ಬಾಯಿ ಬರ್ಲಿಲ್ಲ.”

ಕನ್ನಡಕ ಇನ್ನೂ ಮುಖದ ಮೇಲೇ ಇತ್ತು. ಮರೆತಿದ್ದನೋ, ಬೇಕೆಂದೇ ಬಿಟ್ಟಿದ್ದನೋ. ಮಾರನೆಯ ದಿನದಿಂದ ಜಗಲಿಯ ಮೇಲೂ ಅದನ್ನು ಹಾಕಿಕೊಂಡೇ ಕೂರತೊಡಗಿದ. ಒಬ್ಬ ಗಿರಾಕಿಯೂ ಬೇರೆ ಕಡೆ ಹೋಗಲಿಲ್ಲ.

ಅದೇ ವರ್ಷ ಯುದ್ಧ ಶುರುವಾಯಿತು. ಮೊದಲು ತೋಟಾಗಳು ಸಿಗದಾದವು. ಭಾನುವಾರಕ್ಕೆ ಹತ್ತು ಹೊಡೆಯುತ್ತಿದ್ದವರು ಐದಕ್ಕೆ, ಆಮೇಲೆ ಎರಡಕ್ಕೆ ಬಂದರು. ಸುಬೇದಾರರನ್ನು ಸೈನ್ಯಕ್ಕೆ ಜನ ಸೇರಿಸುವ ಕೆಲಸಕ್ಕೆ ಕರೆಸಿಕೊಂಡರು. ನಲವತ್ತೆರಡರಲ್ಲಿ ಎಲ್ಲ ಕಡೆ ಗಲಾಟೆ ಎದ್ದಾಗ, ಖಾಸಗಿಯವರ ಆಯುಧಗಳೆಲ್ಲ ಠಾಣೆ ಸೇರಲಿ, ಲೈಸೆನ್ಸು ಒಪ್ಪಿಸಲಿ ಎಂದು ಹುಕುಂ ಬಂತು. ಕ್ಲಬ್ಬಿನ ಪೆಟ್ಟಿಗೆ ಠಾಣೆಯಿಂದ ಮತ್ತೆ ಹೊರಗೆ ಬರಲಿಲ್ಲ. ದಾಸಪ್ಪ ಲೈಸೆನ್ಸನ್ನು ಮಡಿಕೆ ಬಿಡಿಸಿ, ಇಸ್ತ್ರಿ ಮಾಡಿದಂತೆ ಸಾಪು ಮಾಡಿ ತಂದು ಅಜ್ಜನ ಮೇಜಿನ ಮೇಲಿಟ್ಟ. ಅಜ್ಜ ರಸೀತಿ ಬರೆದುಕೊಟ್ಟರು.

ಭಾನುವಾರಗಳು ಖಾಲಿಯಾದವು. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವನು ಜಗಲಿಯಲ್ಲಿ ಕೂರುತ್ತಿದ್ದ. ನಾಲ್ಕಾರು ವಾರ ನೋಡಿದ ಸಾವಂತ್ರಮ್ಮ ಒಂದು ಭಾನುವಾರ ಬುತ್ತಿ ಕಟ್ಟಿ, ಕೋಟೆ ಹತ್ತಿ ಬರೋಣ ನಡೀರಿ ಎಂದಳು. ಮೇಲೆ ಹೋಗಿ ಗೋಡೆಯ ನೆರಳಲ್ಲಿ ಕೂತರು. ಆಕಾಶ ತೊಳೆದ ಹಾಗಿತ್ತು. ದೂರದಲ್ಲಿ ಹೊಲ ಉಳುತ್ತಿದ್ದ ಎತ್ತುಗಳು, ಅದರಾಚೆ ರಸ್ತೆಯಲ್ಲಿ ಒಂದು ಬಸ್ಸು, ಅದರ ಹಿಂದೆ ಎದ್ದ ಧೂಳು. ದಾಸಪ್ಪ ಒಂದೊಂದನ್ನೇ ತೋರಿಸಿದ. ಆಕೆ ಹೂಂ ಎನ್ನುತ್ತಿದ್ದಳು. ಆಕೆಯ ಕಣ್ಣು ಅವನ ಬೆರಳಿನ ಕಡೆಗಿತ್ತೇ ಹೊರತು ಬೆರಳು ತೋರಿಸುತ್ತಿದ್ದ ಕಡೆಗಿರಲಿಲ್ಲ.

“ಬಸ್ಸು ಕಾಣ್ತೈತಾ ನಿಂಗೆ?” ಎಂದು ಕೇಳಿದ.

ಆಕೆ ಬುತ್ತಿಯ ಗಂಟು ಬಿಚ್ಚಿದಳು. “ಇಲ್ರಿ. ನಂಗೆ ಹುಟ್ಟಿದಾಗಿಂದ್ಲೂ ದೂರದ್ದು ಮಸುಕೇ. ಎಲ್ರಿಗೂ ಹಂಗೇ ಇರ್ತೈತೆ ಅನ್ಕಂಡಿದ್ದೆ.”

“ಹಂಗಾರೆ ಅಷ್ಟು ಭಾನುವಾರ ಮರದ ಕೆಳಗೆ ಕೂತು ಏನು ನೋಡ್ತಿದ್ದೆ?”

“ನಿಮ್ಮನ್ನ” ಎಂದಳು. “ಗುರಿ ಎಲ್ಲೈತೆ ಅಂತಾನೂ ನಂಗೆ ಕಾಣ್ತಿರ್ಲಿಲ್ಲ. ಚೆನ್ನಾಗಿ ಬಿದ್ರೆ ನಿಮ್ಮ ಹೆಗಲು ಇಳೀತಿತ್ತು. ಆಗ ಎದ್ದು ನಿಲ್ತಿದ್ದೆ.”

ದಾಸಪ್ಪ ಈ ಮಾತನ್ನು ಅಜ್ಜನಿಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅವತ್ತು ಮಧ್ಯಾಹ್ನದವರೆಗೂ ಅಲ್ಲೇ ಕೂತು ಕಂಡದ್ದನ್ನೆಲ್ಲ ಆಕೆಗೆ ಹೇಳುತ್ತ ಹೋದನಂತೆ. ಯಾವ ಎತ್ತು ಬಿಳಿಯದು, ಯಾವ ಮನೆಯಿಂದ ಹೊಗೆ ಏಳುತ್ತಿದೆ, ಯಾರ ಹೊಲದಲ್ಲಿ ಹೆಂಗಸರು ಕಳೆ ಕೀಳುತ್ತಿದ್ದಾರೆ. ಬಾಳಿನಲ್ಲಿ ಅವನು ಅಷ್ಟು ಮಾತಾಡಿದ್ದು ಅದೊಂದೇ ದಿನ ಇರಬೇಕು.

ಮುಂದಿನ ವಾರ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ದ. ಯುದ್ಧದ ಕಾಲ, ಗಾಜು ಬರಲು ಮೂರು ತಿಂಗಳು ಹಿಡಿಯಿತು. ಬಂದ ದಿನ ಜಗಲಿಯ ಮೇಲೆ ಆಕೆಯನ್ನು ಕೂರಿಸಿ, ಕನ್ನಡಕದ ಕಡ್ಡಿಗಳನ್ನು ಅವನೇ ಕಿವಿಯ ಹಿಂದೆ ಕೂದಲು ಸರಿಸಿ ಸಿಕ್ಕಿಸಿದ. ಬೀದಿಯಲ್ಲಿ ಹೋಗುತ್ತಿದ್ದ ಅಜ್ಜನೂ ನಿಂತರು. ಸಾವಂತ್ರಮ್ಮ ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಹೇಗೆ ಕಾಣುತ್ತಿದೆ ಎಂದು ದಾಸಪ್ಪ ಉಸಿರು ಹಿಡಿದು ಕೇಳಿದ.

“ಎದುರು ಮನೆ ಹಂಚಿನ ಮೇಲೆ ಎಷ್ಟೊಂದು ಕಸ ಐತ್ರಿ” ಎಂದಳು ಆಕೆ. “ಯಾರೂ ಹೇಳೇ ಇಲ್ಲ ನಂಗೆ.”